ತೂಬು ೦.೪

ಹೆಸರು ಕೊಡು ಅಂದಿತು ಕಂಪ್ಯೂಟರು,
ಹೆಸರಿಲ್ಲದ ಗಂಟನ್ನು ಕಟ್ಟುವುದಿಲ್ಲವಂತೆ ಅದು.
ಕಿಟಕಿಯಾಚೆ ಕಬ್ಬಿನ ಲಾರಿಯೊಂದು ಫ್ಯಾಕ್ಟರಿ ಸರ್ಕಲ್ಲಿನಲ್ಲಿ ಕೆಟ್ಟು ನಿಂತು
ಮಂಡ್ಯವೆಲ್ಲ ಹಾರನ್ನು.
ನಾನು 'ತೂಬು' ಎಂದು ಒತ್ತಿದೆ,
ಇಂಗ್ಲಿಷ್ ಅಕ್ಷರಗಳಲ್ಲಿ, ದೀರ್ಘ ಕಳೆದುಕೊಂಡು.

ಹನ್ನೊಂದು ಫಂಕ್ಷನ್ನು, ಅಷ್ಟೇ.
ಗೇಜಿನ ಅಡಿ ಕೊಟ್ಟರೆ ಕ್ಯೂಸೆಕ್ ಕೊಡುತ್ತದೆ,
ಬಿಟ್ಟುಹೋದ ಭಾನುವಾರಗಳನ್ನು ತುಂಬುತ್ತದೆ,
ಎಂಜಿನಿಯರ್ ಸಾಹೇಬರಿಗೆ ಬೇಕಾದ ಹಸಿರು ಗೆರೆಯ ನಕ್ಷೆಯನ್ನು
ಅವರು ಕೇಳುವ ಮುಂಚೆ ಬರೆದಿಡುತ್ತದೆ.
ಮೂರು ವರ್ಷ ಇದನ್ನೇ ನಾವು ನಾಲ್ವರು
ನಾಲ್ಕು ಥರ ಲೆಕ್ಕ ಹಾಕಿ
ತಿಂಗಳ ಕೊನೆಗೆ ಜಗಳವಾಡುತ್ತಿದ್ದೆವು.

ನೆಟ್‌ವರ್ಕ್ ಡ್ರೈವಿನಲ್ಲಿ ಇಟ್ಟೆ.
ಸ್ಟೋರ್‌ರೂಮಿನ ಕತ್ತಲಲ್ಲಿ, ಹಳೇ ಟೆಂಡರ್ ಕಟ್ಟುಗಳ ನಡುವೆ,
ಒಂದು ಕಪ್ಪು ಪೆಟ್ಟಿಗೆ ಕಣ್ಣು ಮಿಟುಕಿಸುತ್ತ ಕೂತಿದೆಯಲ್ಲ, ಅಲ್ಲಿ.
ನನಗದು ಝಡ್, ನವೀದಾಳಿಗೆ ವೈ,
ಶಿವನಂಜುವಿನ ಮೆಷೀನಿನಲ್ಲಿ ಯಾವ ಪುಣ್ಯಾತ್ಮನೋ ಕ್ಯೂ ಎಂದಿಟ್ಟಿದ್ದಾನೆ.
ಒಂದೇ ಕೊಳಕ್ಕೆ ಇಳಿಯಲು ಮೂರು ಕಡೆ ಮೆಟ್ಟಿಲು.

ಮೊದಲ ವಾರ ಸೊಗಸಾಗಿತ್ತು.
ಆಮೇಲೆ ನವೀದಾ ಬಂದಳು:
'ಅಕ್ಕಾ, ಫೆಬ್ರವರಿಗೆ ಇದು ಮೂವತ್ತು ದಿನ ಕೊಡ್ತಿದೆ.'
ತಿದ್ದಿದೆ. ಇಡಹೋದರೆ,
ಕಡತ ಬೇರೆಯವರ ಬಳಕೆಯಲ್ಲಿದೆ ಎಂದಿತು.
ಯಾರ? ಅದು ಹೇಳುವುದಿಲ್ಲ.
ಹಾಗಾಗಿ ನಮ್ಮ ಕಚೇರಿಯಲ್ಲಿ ಪ್ರತಿ ಹೊಸ ಆವೃತ್ತಿಯೂ
ಹನ್ನೊಂದೂವರೆಯ ಟೀಗೆ ಹುಟ್ಟುತ್ತದೆ.
ಬಾಗಿಲಲ್ಲಿ ನಿಂತು ಕೂಗುತ್ತೇನೆ,
'ಎಲ್ರೂ ಮುಚ್ಚಿ, ಈಚೆ ಬನ್ನಿ!'
ಅವರು ಲೋಟ ಹಿಡಿದು ಹೊಂಗೆ ಮರದಡಿ ನಿಲ್ಲುತ್ತಾರೆ,
ಒಳಗೆ ನಾನೊಬ್ಬಳೇ
ಒಂದು ಮಡೆ ಕಟ್ಟಿ ಇನ್ನೊಂದು ಬಿಚ್ಚುತ್ತ.

ಶಿವನಂಜು ಮಾತ್ರ ತನ್ನ ಡೆಸ್ಕ್‌ಟಾಪಿಗೆ ನಕಲು ಮಾಡಿಕೊಂಡಿದ್ದ.
'ತೂಬು ಹೊಸದು', 'ತೂಬು ಹೊಸದು ಕೊನೇದು', 'ತೂಬು ಮುಟ್ಬೇಡಿ'.
ಅವನ ಫೆಬ್ರವರಿಗೆ ಈಗಲೂ ಮೂವತ್ತು ದಿನ.

ಮರಿಲಿಂಗಯ್ಯನವರಿಗೆ ಡ್ರೈವೂ ಇಲ್ಲ, ಮೆಷೀನೂ ಇಲ್ಲ.
ಮೂವತ್ತೊಂದು ವರ್ಷದಿಂದ ನಾಲೆಯ ಗೇಜು ಓದಿ
ಚೀಟಿ ಬರೆದು ಸೈಕಲ್ಲಿನಲ್ಲಿ ತರುವವರು.
ಕಾರ್ತೀಕದ ಒಂದು ಬೆಳಿಗ್ಗೆ ನನ್ನ ಬೆನ್ನ ಹಿಂದೆ ನಿಂತು
ಪರದೆಯ ಅಂಕಿಯನ್ನು ಬಹಳ ಹೊತ್ತು ನೋಡಿದರು.
'ಇಷ್ಟು ನೀರು ಹೋಯ್ತಾ ಇಲ್ಲ ಕಣವ್ವ.'
ನಿಮ್ಮದೇ ಚೀಟಿ, ಅಂದೆ, ನಾಲ್ಕೂಕಾಲು ಅಡಿ.
'ಅಡಿ ನಿಜ. ಜೊಂಡು ಬೆಳ್ದದೆ. ನೀರು ನಿಂತ್ಕಂಡದೆ.
ನಿಂತಿರೋದ್ನೂ ಹೋಗೋದು ಅಂತ ಬರೀತದಲ್ಲ ನಿನ್ನ ತೂಬು.'

ನಂಬದೆ ಸ್ಕೂಟರಿನಲ್ಲಿ ಹೋದೆ.
ಅವರು ಒಣ ತೆಂಗಿನ ಚಿಪ್ಪೊಂದನ್ನು ನೀರಿಗೆ ಬಿಟ್ಟು ಎಣಿಸಿದರು.
ನಲವತ್ತಕ್ಕೆ ಸೇತುವೆ ದಾಟಬೇಕಿದ್ದ ಚಿಪ್ಪು
ತೊಂಬತ್ತಾದರೂ ಜೊಂಡಿಗೆ ಮೂಗು ಉಜ್ಜುತ್ತಿತ್ತು.
ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ನಕ್ಕಳು,
ನಮಗೋ, ಚಿಪ್ಪಿಗೋ.

ಮುಂಚೆ ನಾಲ್ಕು ಥರ ತಪ್ಪುತ್ತಿದ್ದೆವು,
ಜಗಳವಾದರೂ ಆಗುತ್ತಿತ್ತು.
ಈಗ ಒಂದೇ ತಪ್ಪು,
ಅಚ್ಚುಕಟ್ಟಾಗಿ, ಇಡೀ ಅಚ್ಚುಕಟ್ಟಿಗೆ,
ದಶಾಂಶದ ಎರಡನೇ ಮನೆಯವರೆಗೂ.

ಹನ್ನೆರಡನೆಯ ಫಂಕ್ಷನ್ನು ತಿಂಗಳು ಕೇಳುತ್ತದೆ,
ಜೊಂಡು ಎಷ್ಟಿದೆ ಎಂದು ಕೇಳುತ್ತದೆ,
ಯಾರೂ ಹೋಗಿ ನೋಡಿಲ್ಲವೆಂದರೆ ನಿಂತುಬಿಡುತ್ತದೆ.
ಬರೆದವರ ಸಾಲಿನಲ್ಲಿ ನನ್ನ ಕೆಳಗೆ
ಮರಿಲಿಂಗಯ್ಯ ಎಂದು ಸೇರಿಸಿದೆ,
ಇ-ಮೇಲಿನ ಜಾಗ ಖಾಲಿ.
ಕಂಪ್ಯೂಟರು ಗೊಣಗಿತು, ಕಟ್ಟಿತು.

ಹನ್ನೊಂದೂವರೆಗೆ ಕೂಗಿದೆ.
ಒಬ್ಬೊಬ್ಬರೇ ಮುಚ್ಚಿ ಹೊರಟರು.
ಮುಚ್ಚಲು ಏನೂ ಇಲ್ಲದ ಮರಿಲಿಂಗಯ್ಯನವರೂ
ಕನ್ನಡಕ ಮಡಿಚಿ, ಜೇಬಿಗಿಟ್ಟು,
ಎದ್ದರು.